ಭೂಮಿ ಹುಣ್ಣಿಮೆ: ಮೊದಲ ಎಡೆ ಗದ್ದೆಗೆ

ವಿಜಯದಶಮಿಯ ಬನ್ನಿ ಹಂಚಿ ಮುಗಿದ ಮರುದಿನದಿಂದಲೇ ಸಿದ್ದಾಪುರ ಸೀಮೆಯ ಜಗುಲಿಗಳಲ್ಲಿ ಇನ್ನೊಂದು ಹಬ್ಬದ ಕೆಲಸ ಶುರುವಾಗುತ್ತದೆ. ಅಟ್ಟದ ಮೇಲಿದ್ದ ಬುಟ್ಟಿಗಳು ಕೆಳಗಿಳಿಯುತ್ತವೆ. ಅವಕ್ಕೆ ಸೆಗಣಿ ಬಳಿದು ಒಣಗಿಸಿ, ಮೇಲೆ ಕೆಮ್ಮಣ್ಣು ಹಚ್ಚಿ, ನೆನೆದ ಅಕ್ಕಿಯನ್ನು ನುಣ್ಣಗೆ ಅರೆದು ಮಾಡಿದ ಬಿಳಿ ಬಣ್ಣದಲ್ಲಿ ಪುಂಡಿ ನಾರಿನ ಕುಂಚ ಅದ್ದಿ ಹೆಂಗಸರು ಗೆರೆ ಎಳೆಯಲು ಕೂರುತ್ತಾರೆ. ಹುಣ್ಣಿಮೆಗೆ ನಾಲ್ಕೇ ದಿನ ಉಳಿದಿರುತ್ತದೆ. ಅಷ್ಟರೊಳಗೆ ಬುಟ್ಟಿಯ ಮೈತುಂಬ ಏಣಿ, ಎತ್ತಿನ ಗಾಡಿ, ಭತ್ತದ ಸಸಿ, ಜೋಗಿಜಡೆ ಮೂಡಬೇಕು. ಇದು ಭೂಮಣ್ಣಿ ಬುಟ್ಟಿ. ಆಶ್ವಯುಜ ಮಾಸದ ಹುಣ್ಣಿಮೆಯ ನಸುಕಿನಲ್ಲಿ ಗದ್ದೆಗೆ ಊಟ ಹೊತ್ತೊಯ್ಯುವ ಬುಟ್ಟಿ.

ಉತ್ತರ ಕನ್ನಡದ ಸಿದ್ದಾಪುರ, ಶಿರಸಿ, ಪಕ್ಕದ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರಗಳಲ್ಲಿ ಭೂಮಿ ಹುಣ್ಣಿಮೆ ಎಂದರೆ ಪೈರಿನ ಬಯಕೆ ಊಟ. ಜೂನ್–ಜುಲೈಯಲ್ಲಿ ಬಿತ್ತಿದ, ನೆಟ್ಟ ಭತ್ತ ಈ ಹೊತ್ತಿಗೆ ಹೊಡೆಯಾಗಿರುತ್ತದೆ. ದಂಟಿನ ಮೇಲ್ಭಾಗವನ್ನು ಎರಡು ಬೆರಳಲ್ಲಿ ಹಿಡಿದರೆ ಒಳಗಿನ ತೆನೆಯ ಉಬ್ಬು ಕೈಗೆ ತಾಗುತ್ತದೆ. ಮೊದಲು ಬಂದ ಪೈರಾದರೆ ತೆನೆ ಹೊರಬಿದ್ದು ಕಾಳಿಗೆ ಹಾಲು ತುಂಬಿರುತ್ತದೆ. ಮನೆಯಲ್ಲಿ ಬಸುರಿ ಹೆಣ್ಣುಮಗಳಿದ್ದರೆ ಅವಳ ಬಾಯಿ ಬಯಸಿದ್ದನ್ನೆಲ್ಲ ಮಾಡಿ ಬಡಿಸುವುದಿಲ್ಲವೇ, ಅದೇ ಆದರದಲ್ಲಿ ಭೂಮಿತಾಯಿಗೂ ಹತ್ತಾರು ಬಗೆಯ ಅಡುಗೆಯಾಗುತ್ತದೆ. ಹೊಲದ ಪಾಲು ಮೊದಲು, ಮನೆಯವರ ಪಾಲು ಆಮೇಲೆ. ಈ ಕ್ರಮ ತಪ್ಪದಂತೆ ನೋಡಿಕೊಳ್ಳುವುದೇ ಈ ಹಬ್ಬದ ಅಡುಗೆಮನೆಯ ಮುಖ್ಯ ಶಿಸ್ತು.

ಹಬ್ಬವನ್ನು ಹೊಸದಾಗಿ ಮಾಡಲು ಹೊರಟವರಿಗೆ, ಅಜ್ಜಿ ತೀರಿಕೊಂಡ ಮೇಲೆ ನಿಂತುಹೋದ ಪದ್ಧತಿಯನ್ನು ಮತ್ತೆ ಹಿಡಿಯಬೇಕೆಂದಿರುವವರಿಗೆ ಏನು ಬೇಕು, ಯಾವಾಗ ಬೇಕು, ಎಲ್ಲಿ ಎಚ್ಚರ ಬೇಕು ಎಂಬ ವಿವರ ಇಲ್ಲಿದೆ.

ಒಂದೇ ಚಂದ್ರ, ಎರಡು ಅಡುಗೆಮನೆ

ಅಡುಗೆಗೆ ಇಳಿಯುವ ಮೊದಲು ಒಂದು ಮಾತು: ಹುಣ್ಣಿಮೆಯ ಬೆಳಕಿನಲ್ಲಿ ಬೆಳೆಯ ಹಬ್ಬ ಮಾಡುವವರು ಮಲೆನಾಡಿನವರು ಮಾತ್ರ ಅಲ್ಲ. ಚೀನಾದಲ್ಲಿ ಅವರ ಎಂಟನೆಯ ಚಾಂದ್ರಮಾಸದ ಹದಿನೈದನೆಯ ದಿನ ನಡು ಶರತ್ಕಾಲದ ಹಬ್ಬ. 2008ರಿಂದ ಅಲ್ಲಿ ಅದು ಸರ್ಕಾರಿ ರಜೆಯೂ ಹೌದು. ನಮ್ಮಂತೆ ಅವರ ಪಂಚಾಂಗದಲ್ಲೂ ಅಧಿಕ ಮಾಸ ಬರುತ್ತದೆ. ಆದರೆ ಅದು ನಮ್ಮ ಅಧಿಕ ಮಾಸದ ಜೊತೆಗೇ ಬರಬೇಕೆಂದಿಲ್ಲ. ಹಾಗಾಗಿ ಕೆಲವು ವರ್ಷ ಎರಡೂ ಹಬ್ಬ ಒಂದೇ ಹುಣ್ಣಿಮೆಗೆ ಬೀಳುತ್ತವೆ, ಕೆಲವು ವರ್ಷ ಅವರದು ಒಂದು ತಿಂಗಳು ಮೊದಲು. 2025ರ ಅಕ್ಟೋಬರ್ ಮೊದಲ ವಾರದಲ್ಲಿ ಶಿರಸಿಯ ಗದ್ದೆಗೂ ಶಾಂಘೈನ ಮಹಡಿಗೂ ಒಂದೇ ಹಬ್ಬದ ಚಂದ್ರ ಬಂದಿದ್ದ.

ಅಲ್ಲಿನ ಊಟವೂ ಊರಿಂದ ಊರಿಗೆ ಬೇರೆ. ಚಂದ್ರನ ಆಕಾರದ ಸಿಹಿ ಬಿಲ್ಲೆ ಎಲ್ಲೆಡೆ ಇದ್ದರೂ ಹೂರಣ ಒಂದೇ ಅಲ್ಲ. ದಕ್ಷಿಣದ ಗ್ವಾಂಗ್‌ಡಾಂಗ್‌ನಲ್ಲಿ ಕಮಲದ ಬೀಜ ಅರೆದ ಹೂರಣದ ನಡುವೆ ಉಪ್ಪಿನಲ್ಲಿಟ್ಟ ಮೊಟ್ಟೆಯ ಹಳದಿ ಇರುತ್ತದೆ. ಸುಝೌನದು ಪದರು ಪದರಾಗಿ ಉದುರುವ ಬಿಲ್ಲೆ. ಯುನ್ನಾನ್‌ನಲ್ಲಿ ಒಣಗಿಸಿದ ಹಂದಿ ಮಾಂಸವನ್ನೇ ಹೂರಣಕ್ಕೆ ಹಾಕುತ್ತಾರೆ. ಬಿಲ್ಲೆಯನ್ನು ಮನೆಯಲ್ಲಿ ಎಷ್ಟು ಜನರಿದ್ದಾರೋ ಅಷ್ಟು ತುಂಡು ಮಾಡಿ ಹಂಚಿಕೊಳ್ಳುವುದು ರೂಢಿ. ಫುಜಿಯಾನ್‌ನ ಶಿಯಾಮೆನ್ ಪಟ್ಟಣದಲ್ಲಿ ದಾಳ ಉರುಳಿಸಿ ಗೆದ್ದವರು ಬಿಲ್ಲೆ ಪಡೆಯುವ ಆಟವಿದೆ. ನಾನ್‌ಜಿಂಗ್‌ನಲ್ಲಿ ಬಾತುಕೋಳಿ, ಯಾಂಗ್ಝಿ ನದಿಯ ಕೆಳಗಿನ ಸೀಮೆಯಲ್ಲಿ ಏಡಿ. ಸಿಂಗಪುರ, ಮಲೇಷ್ಯಾ, ಹಾಂಗ್‌ಕಾಂಗ್‌ಗಳಲ್ಲಿರುವ ಕನ್ನಡದ ಮನೆಗಳಿಗೂ ಈ ಬಿಲ್ಲೆಗಳ ಡಬ್ಬಿ ಉಡುಗೊರೆಯಾಗಿ ಬರುವುದುಂಟು. ಶಾಕಾಹಾರಿಗಳು ಒಂದು ವಿಷಯ ತಿಳಿದಿರಬೇಕು: ಸಾಂಪ್ರದಾಯಿಕ ಬಿಲ್ಲೆಗೆ ಹಂದಿ ಕೊಬ್ಬು ಬಳಸುತ್ತಾರೆ, ಮೊಟ್ಟೆಯೂ ಇರುತ್ತದೆ. ಡಬ್ಬಿಯ ಮೇಲಿನ ವಿವರ ಓದಿಯೇ ಮಕ್ಕಳ ಕೈಗೆ ಕೊಡುವುದು ಒಳ್ಳೆಯದು.

ಮಲೆನಾಡಿನವರಿಗೆ ಚೀನಾದ ಊಟದಲ್ಲಿ ತೀರ ಪರಿಚಿತವಾಗಿ ಕಾಣುವುದು ಕೆಸು. ಗ್ವಾಂಗ್‌ಡಾಂಗ್, ಫುಜಿಯಾನ್ ಕಡೆ ಈ ಹಬ್ಬಕ್ಕೆ ಕೆಸುವಿನ ಗೆಡ್ಡೆ ಬೇಯಿಸಿ ಚಂದ್ರನಿಗೂ ಹಿರಿಯರಿಗೂ ಇಟ್ಟು ತಿನ್ನುತ್ತಾರೆ. ಶಿರಸಿಯ ಹಿತ್ತಲಲ್ಲಿ ಅದೇ ಗಿಡದ ಎಲೆ ಪತ್ರೊಡೆಯಾಗಿ, ದಂಟು ಸಾಸಿವೆಯಾಗಿ, ಗೆಡ್ಡೆ ಪಲ್ಯವಾಗಿ ಬಾಳೆ ಎಲೆಗೆ ಬರುತ್ತದೆ. ಕೊರಿಯಾದವರ ಇದೇ ಹುಣ್ಣಿಮೆಯ ಹಬ್ಬದ ತಿಂಡಿಯಂತೂ ನಮ್ಮ ಕಡುಬಿನ ಸೋದರನೇ. ಅಕ್ಕಿ ಹಿಟ್ಟಿನೊಳಗೆ ಎಳ್ಳು, ಬೇಳೆಯ ಹೂರಣ ತುಂಬಿ ಅರ್ಧಚಂದ್ರನ ಆಕಾರಕ್ಕೆ ಮಡಚಿ, ಪೈನ್ ಮರದ ಸೂಜಿ ಎಲೆಗಳ ಹಾಸಿನ ಮೇಲೆ ಹಬೆಯಲ್ಲಿ ಬೇಯಿಸುತ್ತಾರೆ. ಅಕ್ಕಿ ಬೆಳೆಯುವ, ಮಳೆ ಬೀಳುವ ನಾಡುಗಳ ಹಬ್ಬದಡುಗೆ ಎಣ್ಣೆಗಿಂತ ಹಬೆಯನ್ನು, ಪಾತ್ರೆಗಿಂತ ಎಲೆಯನ್ನು ನಂಬಿಕೊಂಡಿದೆ.

ಕುಡಿ ಕೊಯ್ಯುವ ಸಂಜೆ

ಭೂಮಿ ಹುಣ್ಣಿಮೆಯ ಅಡುಗೆಯಲ್ಲಿ ಎಲ್ಲಕ್ಕಿಂತ ಮೊದಲು ನಿಲ್ಲುವುದು ಹಚ್ಚಂಬಲಿ. ಅಚ್ಚಂಬಲಿ ಎನ್ನುವ ಊರೂ ಇದೆ. ಹಿತ್ತಲಿನ, ಬೇಣದ (ಹುಲ್ಲುಗಾವಲಿನ), ಗದ್ದೆ ಅಂಚಿನ, ಬೆಟ್ಟದ ಬೆರಕೆ ಸೊಪ್ಪು ಕುಡಿಗಳನ್ನು ತರಕಾರಿ ಹೋಳುಗಳ ಜೊತೆ ಬೇಯಿಸಿದ್ದು ಅದು. ಗದ್ದೆಗೆ ಬೀರಲೆಂದೇ ಮಾಡುವ ಅಡುಗೆ. ನೂರೊಂದು ಕುಡಿ ಸೇರಬೇಕೆಂಬುದು ಹಿರಿಯರ ಮಾತು. ಹಿಂದಿನವರು ಸಂಖ್ಯೆಗೆ ಹತ್ತಿರ ಹೋಗುತ್ತಿದ್ದರು. ಈಗ ಇಪ್ಪತ್ತು ಬಗೆ ಸೇರಿದರೂ ಆ ಮನೆಯವರಿಗೆ ಸೊಪ್ಪಿನ ಗುರುತು ಚೆನ್ನಾಗಿದೆ ಎಂದೇ ಅರ್ಥ.

ಕೊಯ್ಯುವುದು ಹುಣ್ಣಿಮೆಯ ಹಿಂದಿನ ದಿನ, ಬಿಸಿಲು ಇಳಿದ ಮೇಲೆ. ಹಿತ್ತಲಿನಿಂದ ಶುರು ಮಾಡಿದರೆ ಸಲೀಸು. ಹರಿವೆ, ಬಸಳೆ, ಕೆಸು, ಕುಂಬಳದ ಕುಡಿ, ಚೀನಿಕಾಯಿ ಕುಡಿ, ಚಕ್ರಮುನಿ, ದೊಡ್ಡಪತ್ರೆ ಅಲ್ಲೇ ಸಿಗುತ್ತವೆ. ನೀರು ಹರಿಯುವ ಜಾಗದಲ್ಲಿ ಒಂದೆಲಗ, ಹೊನಗೊನೆ. ಗದ್ದೆ ಬದುವಿನ ಮೇಲೆ ಕನ್ನೆ ಕುಡಿ, ಗಣಿಕೆ. ರಸ್ತೆ ಬದಿ ಬೇಕಾದಷ್ಟು ಚಗಟೆ ಇದ್ದರೂ ಅದು ಈ ಹೊತ್ತಿಗೆ ಬಲಿತು ಕೋಡು ಬಿಟ್ಟಿರುತ್ತದೆ, ತುದಿಯ ಚಿಗುರನ್ನು ಮಾತ್ರ ಆಯಬೇಕು. ಬೇಣಕ್ಕೆ ಹೋದರೆ ನೇರಳೆ ಚಿಗುರು, ಎಲವರಿಗೆ ಕುಡಿ. ಸೊಪ್ಪಿನ ಜೊತೆ ಹೀರೆ, ಹಾಗಲ, ಬೆಂಡೆ, ಸೌತೆ, ಹುಳಿಗೆ ಅಮಟೆಕಾಯಿ. ಅಮಟೆ ಮರ ಈ ತಿಂಗಳಲ್ಲಿ ಕಾಯಿ ಉದುರಿಸುತ್ತಿರುತ್ತದೆ. ಅದು ಇಲ್ಲದಿದ್ದರೆ ವಾಟೆಹುಳಿ ಆದೀತು.

ಇಲ್ಲಿ ಎರಡು ಎಚ್ಚರಿಕೆ. ಮೊದಲನೆಯದು, ಹೆಸರು ಗೊತ್ತಿಲ್ಲದ ಕುಡಿಯನ್ನು ಕೊಯ್ಯಬಾರದು. ಹಚ್ಚಂಬಲಿ ಗದ್ದೆಗೆ ಹೋಗುವುದಾದರೂ ಅದೇ ಸೊಪ್ಪಿನ ಬೆರಕೆ ಪಲ್ಯ ಮನೆಯವರ ಎಲೆಗೂ ಬರುತ್ತದೆ. ಮಳೆಗಾಲದ ಕೊನೆಯಲ್ಲಿ ಕಾಡಿನ ತುಂಬ ಹಸಿರು. ಅದರಲ್ಲಿ ಎಲ್ಲವೂ ತಿನ್ನುವಂಥದ್ದಲ್ಲ. ಮೊಬೈಲಿನಲ್ಲಿ ಫೋಟೊ ನೋಡಿ ಗುರುತು ಹಿಡಿಯುವುದಕ್ಕಿಂತ ಊರಿನ ಹಿರಿಯ ಹೆಂಗಸೊಬ್ಬರನ್ನು ಜೊತೆಗೆ ಕರೆದೊಯ್ಯುವುದೇ ಸರಿಯಾದ ದಾರಿ. ಎರಡನೆಯದು, ಕಳೆನಾಶಕ ಹೊಡೆದ ತೋಟದ ಅಂಚಿನಲ್ಲಿ, ಅಡಿಕೆಗೆ ಬೋರ್ಡೋ ಮಿಶ್ರಣ ಸಿಂಪಡಿಸಿದ ಮರಗಳ ಬುಡದಲ್ಲಿ ಸೊಪ್ಪು ಆಯಬಾರದು. ಕೊಳೆ ರೋಗಕ್ಕೆ ಮಳೆಗಾಲದಲ್ಲಿ ಹೊಡೆಯುವ ಈ ಮಿಶ್ರಣದಲ್ಲಿ ಮೈಲುತುತ್ತ ಇರುತ್ತದೆ. ಮರದಿಂದ ತೊಟ್ಟಿಕ್ಕಿದ ನೀರು ಕೆಳಗಿನ ಬಸಳೆ, ಕೆಸುವಿನ ಮೇಲೇ ಬೀಳುತ್ತದೆ.

ಕೆಸುವಿನ ತುರಿಕೆಯ ಬಗ್ಗೆಯೂ ಒಂದು ಮಾತು. ಎಲೆ, ದಂಟುಗಳಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಸೂಜಿ ಹರಳುಗಳು ಬಾಯಿ, ಗಂಟಲನ್ನು ಕೆರೆಯುತ್ತವೆ. ಚೆನ್ನಾಗಿ ಬೇಯಿಸುವುದು, ಹುಳಿಯನ್ನು ಧಾರಾಳವಾಗಿ ಹಾಕುವುದು, ಎಲೆಯ ದಪ್ಪ ನರ ತೆಗೆಯುವುದು – ಈ ಮೂರನ್ನೂ ಮಾಡಬೇಕು. ಕೊಯ್ಯುವಾಗ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡರೆ ಕೈ ತುರಿಸುವುದು ಕಡಿಮೆ.

ನಡುರಾತ್ರಿಯ ಒಲೆ

ಭೂಮಿ ಹುಣ್ಣಿಮೆಯ ಅಡುಗೆ ಬೆಳಿಗ್ಗೆ ಶುರುವಾಗುವುದಲ್ಲ. ಊರು ಮಲಗಿದ ಮೇಲೆ ಹೆಂಗಸರು ಮಿಂದು ಒಲೆ ಹಚ್ಚುತ್ತಾರೆ. ನಸುಕಿಗೆ ಮುಂಚೆ ಹಚ್ಚಂಬಲಿ ಗದ್ದೆ ಸೇರಬೇಕು, ಸೂರ್ಯ ಮೇಲೇರುವ ಹೊತ್ತಿಗೆ ಉಳಿದ ಅಡುಗೆ ಬುಟ್ಟಿಯಲ್ಲಿರಬೇಕು. ಮಾಡುವ ಬಗೆಗಳೂ ಕಡಿಮೆಯಿಲ್ಲ. ಕೊಟ್ಟೆ ಕಡುಬು, ಸೌತೆಕಾಯಿ ಕಡುಬು, ಚೀನಿಕಾಯಿ ಕಡುಬು, ಹೋಳಿಗೆ, ಪಾಯಸ, ಚಿತ್ರಾನ್ನ, ಮೊಸರನ್ನದ ಬುತ್ತಿ, ಪಲ್ಯಗಳು. ಇಷ್ಟನ್ನೂ ಒಬ್ಬರೇ ಮಾಡಲು ಹೊರಟರೆ ಹಬ್ಬ ಹೊರೆಯಾಗುತ್ತದೆ. ರಾತ್ರಿ ಜಾಗರಣೆ ಹೆಂಗಸರಿಗೆ, ಗದ್ದೆಯ ಪೂಜೆ ಗಂಡಸರಿಗೆ ಎಂಬ ಹಳೆಯ ಹಂಚಿಕೆಯನ್ನು ಈಗಿನ ಮನೆಗಳು ಬದಲಿಸಿಕೊಳ್ಳಲೇಬೇಕು. ಕಾಯಿ ತುರಿಯುವುದು, ಎಲೆ ಬಾಡಿಸುವುದು, ಕೊಟ್ಟೆ ಕಟ್ಟುವುದು, ಹೋಳಿಗೆ ಬೇಯಿಸುವುದು ಗಂಡಸರ ಕೈಗೂ ಬರುವ ಕೆಲಸಗಳೇ.

ಸೌತೆಕಾಯಿ ಕಡುಬು ಈ ಹುಣ್ಣಿಮೆ ಬಿಟ್ಟರೆ ಬೇರೆ ದಿನಗಳಲ್ಲಿ ಅಷ್ಟು ರುಚಿಯಾಗಿ ಒದಗುವುದಿಲ್ಲ. ಅದಕ್ಕೆ ಮಳೆಗಾಲದ ಬಳ್ಳಿಯಲ್ಲಿ ಬಲಿತು ಹಳದಿಗೆ ತಿರುಗಿದ ದೊಡ್ಡ ಸೌತೆಕಾಯಿಯೇ ಬೇಕು. ಪೇಟೆಯ ಎಳೆ ಸೌತೆ ನೀರಾಗುತ್ತದೆ, ಪರಿಮಳ ಬರುವುದಿಲ್ಲ. ಮಾಡುವ ಮೊದಲು ಎರಡೂ ತುದಿ ಕೊಯ್ದು ನಾಲಿಗೆಗೆ ತಾಗಿಸಿ ನೋಡಬೇಕು. ಕಹಿಯಿದ್ದರೆ ಬೆಲ್ಲ ಹಾಕಿ ಮುಚ್ಚಲು ಹೋಗದೆ ಆ ಕಾಯಿಯನ್ನು ಬಿಟ್ಟುಬಿಡುವುದು ಲೇಸು.

ಎರಡು ಲೋಟ ಅಕ್ಕಿಯನ್ನು ತೊಳೆದು ಬಟ್ಟೆಯ ಮೇಲೆ ನೆರಳಲ್ಲಿ ಆರಲು ಹರವಬೇಕು. ಒದ್ದೆಯ ಪಸೆ ಹೋದ ಮೇಲೆ ಗೋಧಿ ರವೆಯಷ್ಟು ತರಿಯಾಗಿ ಬೀಸಿ, ಬಾಣಲೆಯಲ್ಲಿ ಹದವಾಗಿ ಹುರಿದಿಟ್ಟುಕೊಳ್ಳಬೇಕು. ಸೌತೆಕಾಯಿಯ ಸಿಪ್ಪೆ, ತಿರುಳು ತೆಗೆದು ತುರಿದರೆ ನಾಲ್ಕು ಲೋಟವಾದರೂ ಆಗಬೇಕು. ತುರಿಯನ್ನು ಹಿಂಡಬಾರದು, ಆ ನೀರಿನಲ್ಲೇ ಅಕ್ಕಿ ಬೇಯಬೇಕು. ತುರಿಯನ್ನು ನೀರಿನ ಸಮೇತ ದಪ್ಪ ತಳದ ಪಾತ್ರೆಗೆ ಹಾಕಿ, ಒಂದು ಲೋಟ ಬೆಲ್ಲ, ಚಿಟಿಕೆ ಉಪ್ಪು ಸೇರಿಸಿ ಕುದಿಸಿ, ತರಿಯನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸುತ್ತ ಗಂಟಾಗದಂತೆ ತಿರುವುತ್ತಾ ಬಂದರೆ ಕೆಲವೇ ನಿಮಿಷಕ್ಕೆ ಮುದ್ದೆಗಟ್ಟುತ್ತದೆ. ಆಗ ಒಂದು ಲೋಟ ಕಾಯಿತುರಿ, ಏಲಕ್ಕಿ ಹಾಕಿ ಇಳಿಸಬೇಕು. ಕೆಂಡದ ಮೇಲೆ ಬಾಡಿಸಿದ ಬಾಳೆ ಎಲೆಯಲ್ಲಿ ಒಂದೊಂದು ಹಿಡಿ ಇಟ್ಟು, ನಾಲ್ಕೂ ಕಡೆಯಿಂದ ಮಡಚಿ, ಮಡಚಿದ ಬದಿ ಕೆಳಗಾಗುವಂತೆ ಹಬೆಪಾತ್ರೆಯಲ್ಲಿ ಜೋಡಿಸಿ ಮುಕ್ಕಾಲು ತಾಸು ಬೇಯಿಸಬೇಕು. ಬೆಂದ ಕೂಡಲೇ ಬಿಚ್ಚಿದರೆ ಎಲೆಗೆ ಅಂಟುತ್ತದೆ. ಹತ್ತು ನಿಮಿಷ ಬಿಟ್ಟು ಬಿಚ್ಚಿ, ತುಪ್ಪ ಹಾಕಿಕೊಂಡು, ಸಿಹಿ ಸಾಲದವರು ಶಿರಸಿಯ ಜೋನಿಬೆಲ್ಲ ಸುರಿದುಕೊಂಡು ತಿನ್ನಬಹುದು. ಚೀನಿಕಾಯಿ ಕಡುಬಿಗೂ ಇದೇ ಕ್ರಮ. ಚೀನಿಕಾಯಿಯಲ್ಲಿ ನೀರು ಕಡಿಮೆ, ಸಿಹಿ ಹೆಚ್ಚು. ಆದ್ದರಿಂದ ಅರ್ಧ ಲೋಟ ನೀರು ಕೂಡಿಸಿ, ಬೆಲ್ಲ ತುಸು ಇಳಿಸಬೇಕು.

ಕೊಟ್ಟೆ ಕಡುಬಿನ ಹಿಟ್ಟು ಹಿಂದಿನ ದಿನವೇ ಸಿದ್ಧವಾಗಬೇಕು. ಒಂದು ಅಳತೆ ಉದ್ದಿನಬೇಳೆಗೆ ಎರಡು ಅಳತೆ ಅಕ್ಕಿ ತರಿ. ಬೇಳೆ ನುಣ್ಣಗೆ ರುಬ್ಬಿ, ತೊಳೆದ ತರಿ, ಉಪ್ಪು ಸೇರಿಸಿ ಮುಚ್ಚಿಡಬೇಕು. ಅಕ್ಟೋಬರಿನ ಮಲೆನಾಡಿನಲ್ಲಿ ರಾತ್ರಿ ತಂಪು. ಹಿಟ್ಟು ಉಬ್ಬಲು ಹತ್ತು ಹನ್ನೆರಡು ತಾಸು ಬೇಕು. ಆದ್ದರಿಂದ ನಡುರಾತ್ರಿ ಬೇಯಿಸುವವರು ಮಧ್ಯಾಹ್ನಕ್ಕೇ ರುಬ್ಬಿಡಬೇಕು. ಕೊಟ್ಟೆಗೆ ಹಲಸಿನ ಎಲೆ ಉತ್ತಮ. ಅಗಲವಾದ ನಾಲ್ಕು ಎಲೆಗಳ ತುದಿ ಕೂಡಿಸಿ ತೆಂಗಿನ ಗರಿಯ ಕಡ್ಡಿ ಚುಚ್ಚಿ, ಬದಿಗಳನ್ನು ಎತ್ತಿ ಮತ್ತೆ ಕಡ್ಡಿ ಹಾಕಿದರೆ ಲೋಟದ ಆಕಾರ ಬರುತ್ತದೆ. ಹಲಸಿನ ಎಲೆ ಇಲ್ಲದಲ್ಲಿ ಬಾಡಿಸಿದ ಬಾಳೆ ಎಲೆ. ಮುಕ್ಕಾಲು ಭಾಗ ಮಾತ್ರ ಹಿಟ್ಟು ತುಂಬಬೇಕು. ಬೇಯಲು ಅರ್ಧ ತಾಸು ಸಾಕು. ಗದ್ದೆಗೆ ಒಯ್ಯುವ ಕಡುಬಿನ ಎಲೆ ಬಿಚ್ಚಬಾರದು. ಎಲೆಯೊಳಗಿದ್ದರೆ ಮಧ್ಯಾಹ್ನದವರೆಗೂ ಮೆತ್ತಗೇ ಇರುತ್ತದೆ.

ದೊಂದಿ ಬೆಳಕಿನಲ್ಲಿ

ಸಿದ್ದಾಪುರ, ಸಾಗರ, ಸೊರಬಗಳಲ್ಲಿ ದೀವರ ಸಮುದಾಯದವರು, ನಾಮಧಾರಿಗಳೆಂದೂ ಕರೆಸಿಕೊಳ್ಳುವವರು, ಈ ಹಬ್ಬವನ್ನು ಅತ್ಯಂತ ವಿಸ್ತಾರವಾಗಿ ಮಾಡುತ್ತಾರೆ. ಅವರ ಪದ್ಧತಿಯಲ್ಲಿ ಬುಟ್ಟಿಗಳು ಎರಡು. ದೊಡ್ಡದರಲ್ಲಿ ಪೂಜೆಯ ಸಾಮಾನು, ಎಡೆಯ ಅಡುಗೆ. ಚಿಕ್ಕದರಲ್ಲಿ ಹಚ್ಚಂಬಲಿ. ಕೋಳಿ ಕೂಗುವ ಹೊತ್ತಿಗೆ ಮನೆಯ ಗಂಡಸು ಕಂಬಳಿ ಹೊದ್ದು, ಚಿಕ್ಕ ಬುಟ್ಟಿ ಹೊತ್ತು, ದೊಂದಿ ಹಿಡಿದು ಗದ್ದೆಗಿಳಿಯುತ್ತಾನೆ. ಬದುವಿನ ಮೇಲೆ ನಡೆಯುತ್ತ, ಭೂಮಿತಾಯಿಯನ್ನು ಉಣ್ಣಲು ಕರೆಯುವ ಪದವನ್ನು ಗಟ್ಟಿಯಾಗಿ ಕೂಗುತ್ತ, ಹಚ್ಚಂಬಲಿಯನ್ನು ಪೈರಿನ ಮೇಲೆ ಬೀರುತ್ತ ಹೋಗುತ್ತಾನೆ. ಒಂದು ಗದ್ದೆಯ ಕೂಗಿಗೆ ಆಚೆ ಬಯಲಿನ ಗದ್ದೆಯಿಂದ ಇನ್ನೊಂದು ಕೂಗು ಕೇಳುತ್ತದೆ. ಇಬ್ಬನಿ ಕೂತ ಪೈರಿನ ನಡುವೆ ಅಲ್ಲಲ್ಲಿ ದೊಂದಿಯ ಬೆಳಕು ಚಲಿಸುತ್ತಿರುತ್ತದೆ. ಈಗ ಹೆಚ್ಚಿನವರ ಕೈಯಲ್ಲಿ ಬ್ಯಾಟರಿ ಇದೆ. ಹಾವು, ಚೇಳಿನ ದೃಷ್ಟಿಯಿಂದ ಅದೇ ಒಳ್ಳೆಯದು.

ಬೆಳಕು ಹರಿದ ಮೇಲೆ ಮನೆಮಂದಿಯೆಲ್ಲ ದೊಡ್ಡ ಬುಟ್ಟಿಯೊಂದಿಗೆ ಬರುತ್ತಾರೆ. ತೆನೆ ಚೆನ್ನಾಗಿ ಬಂದ ಕಡೆ ಒಂದಿಷ್ಟು ಪೈರನ್ನು ಗುರುತಿಸಿ ಮಾವಿನ ತೋರಣ, ಹೂವು ಕಟ್ಟುತ್ತಾರೆ. ಹೊಸ ರವಿಕೆ ಕಣ ಇಟ್ಟು, ಬಳೆ, ಕರಿಮಣಿ ಏರಿಸಿ, ಮನೆಯ ಹೆಣ್ಣಿಗೆ ಮಾಡುವಂತೆಯೇ ಪೈರಿಗೆ ಸಿಂಗಾರ. ಪೂಜೆಯಾದ ಮೇಲೆ ಬಾಳೆ ಎಲೆಯಲ್ಲಿ ಎಡೆ. ಕಾಗೆಗೆ ಒಂದು ಪಾಲು. ಗದ್ದೆಯಲ್ಲೇ ಬದುಕುವ ಇಲಿ, ಹಕ್ಕಿ, ಹುಳುಗಳಿಗೂ ಬೀರಿದ ಅನ್ನದಲ್ಲಿ ಪಾಲಿದೆ. ಕೆಲವು ಊರುಗಳಲ್ಲಿ ಒಂದು ಕಡುಬನ್ನು ಗದ್ದೆಯ ಮಣ್ಣಿನಲ್ಲಿ ಹೂತಿಟ್ಟು ಕೊಯ್ಲಿನ ದಿನ ತೆಗೆಯುವ ರೂಢಿಯಿದೆ. ಇಷ್ಟಾದ ಮೇಲೆಯೇ ಮನೆಯವರು ಬದುವಿನ ಮೇಲೆ ಸಾಲಾಗಿ ಕೂತು ಉಣ್ಣುವುದು. ಪಕ್ಕದ ಗದ್ದೆಯವರ ಕಡುಬು ಈ ಎಲೆಗೆ, ಈ ಮನೆಯ ಹೋಳಿಗೆ ಆ ಎಲೆಗೆ ಹೋಗುತ್ತದೆ.

ಈ ಊಟಕ್ಕೆ ಭೂಮಿಯ ಒಡೆತನದ ಚರಿತ್ರೆಯೂ ಅಂಟಿಕೊಂಡಿದೆ. ಪೂಜೆ ಮಾಡುತ್ತಿದ್ದ ಕುಟುಂಬಗಳಲ್ಲಿ ಬಹಳಷ್ಟು ಆ ಗದ್ದೆಗಳಿಗೆ ಗೇಣಿದಾರರಾಗಿದ್ದವು. ಬೆಳೆದದ್ದರಲ್ಲಿ ದೊಡ್ಡ ಪಾಲು ಒಡೆಯರ ಮನೆಗೆ ಹೋಗುತ್ತಿತ್ತು. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹಕ್ಕೆ ನಿಂತವರಲ್ಲಿ ದೀವರ ಗೇಣಿದಾರರೇ ಮುಂದಿದ್ದರು. ಉತ್ತರ ಕನ್ನಡದಲ್ಲಿ ದಿನಕರ ದೇಸಾಯಿಯವರು ಅದಕ್ಕೂ ಮೊದಲೇ ರೈತರನ್ನು ಸಂಘಟಿಸಿ, ಅದಕ್ಕಾಗಿ ಜಿಲ್ಲೆಯಿಂದ ಗಡಿಪಾರಾಗಿದ್ದರು. 1974ರ ಭೂಸುಧಾರಣೆಯ ಬಳಿಕ ಉಳುವವರ ಹೆಸರಿಗೆ ಭೂಮಿ ಬಂತು. ತಮ್ಮದಲ್ಲದ ನೆಲಕ್ಕೂ ತಲೆಮಾರುಗಟ್ಟಲೆ ಮೊದಲ ತುತ್ತು ಬಡಿಸಿದ ಜನ ಅವರು. ಭೂಮಣ್ಣಿ ಬುಟ್ಟಿಯನ್ನು ಕಲಾವಸ್ತುವೆಂದು ಮಾತ್ರ ನೋಡುವವರು ಇದನ್ನೂ ನೆನಪಿಡಬೇಕು.

ಹೋಬಳಿ ದಾಟಿದರೆ ಎಲೆಯೇ ಬೇರೆ

ಶಿರಸಿ ಸೀಮೆಯ ಹುಲಗೋಳ, ಭೈರುಂಬೆ, ಸೋಂದಾ ಕಡೆಯ ಹವ್ಯಕರ ಮನೆಗಳಲ್ಲಿ ದೀಪಾವಳಿಯೇ ದೊಡ್ಡಬ್ಬ. ಭೂಮಿ ಹುಣ್ಣಿಮೆ ಅದಕ್ಕೆ ಹದಿನೈದು ದಿನ ಮೊದಲು ಬರುವ, ಸದ್ದಿಲ್ಲದ ಆಚರಣೆ. ಇಲ್ಲಿ ಗದ್ದೆಗಿಂತ ಅಡಿಕೆ ತೋಟ ಮುಖ್ಯ. ತೋಟಕ್ಕೆ ಹೋಗಿ ಪೂಜೆ ಮಾಡಿ, ಕಡುಬು, ಪಾಯಸದ ನೈವೇದ್ಯ ಮಾಡಿ ಬರುತ್ತಾರೆ. ಮನೆಯ ಊಟದಲ್ಲಿ ಬೆರಕೆ ಸೊಪ್ಪಿನ ಜಾಗಕ್ಕೆ ತಂಬುಳಿ ಬರುತ್ತದೆ. ಕುಡಿಗಳನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿಯೊಂದಿಗೆ ನುಣ್ಣಗೆ ಬೀಸಿ, ಮಜ್ಜಿಗೆ ಬೆರೆಸಿ ಒಗ್ಗರಣೆ ಕೊಟ್ಟರಾಯಿತು. ಕೊಯ್ದ ಸೊಪ್ಪು ಅಂದೇ ಊಟಕ್ಕೆ ಬರಲು ಇದಕ್ಕಿಂತ ಸುಲಭದ ಅಡುಗೆಯಿಲ್ಲ. ಉಪ್ಪಿನಲ್ಲಿಟ್ಟ ಅಪ್ಪೆಮಿಡಿ ಇದ್ದರೆ ಅಪ್ಪೆಹುಳಿಯೂ ಆಗುತ್ತದೆ.

ಶಿರಸಿಯಿಂದ ಪೂರ್ವಕ್ಕೆ, ಬನವಾಸಿ, ಮುಂಡಗೋಡ ದಾಟಿ ಹಾವೇರಿ, ಧಾರವಾಡದ ಬಯಲಿಗೆ ಇಳಿದರೆ ಇದೇ ಹುಣ್ಣಿಮೆ ಶೀಗಿ ಹುಣ್ಣಿಮೆ. ಅಕ್ಕಿಯ ಕಡುಬಿನ ಜಾಗದಲ್ಲಿ ಸಜ್ಜೆ, ಜೋಳದ ಕಡಬು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಕರ್ಚಿಕಾಯಿ. ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಎಲ್ಲ ಅಡುಗೆಯನ್ನೂ ಕಲಸಿ ಬೆಳೆಯ ಮೇಲೆ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಎಳ್ಳಮಾವಾಸ್ಯೆಗೂ ಚರಗ ಚೆಲ್ಲುವುದಿದೆ, ಅದು ಹಿಂಗಾರಿ ಬೆಳೆಗೆ. ಮಲೆನಾಡಿನವರು ಚರಗದ ಬುತ್ತಿಯನ್ನು ಒಮ್ಮೆ ಉಂಡು ನೋಡಬೇಕು. ಎಣ್ಣೆಗಾಯಿಯ ಖಾರದ ಮುಂದೆ ಘಟ್ಟದ ಮೇಲಿನ ಅಡುಗೆ ಎಷ್ಟು ಸೌಮ್ಯ ಎಂಬುದು ಆಗ ತಿಳಿಯುತ್ತದೆ.

ತುಳುನಾಡಿನಲ್ಲಿ ಭೂಮಿಯ ಹಬ್ಬ ಬೇರೆ ಕಾಲಕ್ಕೆ, ಫೆಬ್ರವರಿಯ ಹೊತ್ತಿಗೆ. ಅದು ಕೆಡ್ಡಸ. ಭೂಮಿತಾಯಿ ಮುಟ್ಟಾದ ದಿನಗಳೆಂದು ನೆಲ ಅಗೆಯದೆ, ಹುರಿದ ಅಕ್ಕಿಯ ಪುಡಿಗೆ ಬೆಲ್ಲ, ಕಾಯಿ ಸೇರಿಸಿದ ತಿನಿಸನ್ನೂ ನುಗ್ಗೆ–ಬದನೆ ಪಲ್ಯವನ್ನೂ ಮಾಡುತ್ತಾರೆ.

ಗದ್ದೆ ಇಲ್ಲದವರು

ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕುಗಳಲ್ಲಿ ಭತ್ತದ ಗದ್ದೆಗಳು ಅಡಿಕೆ ತೋಟ, ಶುಂಠಿ ಹೊಲಗಳಾಗುತ್ತ ಬಂದಿವೆ. ಕೂಲಿ ಸಿಗುವುದಿಲ್ಲ, ಭತ್ತಕ್ಕೆ ಬೆಲೆ ಇಲ್ಲ, ಮಂಗ, ಹಂದಿಗಳ ಕಾಟ. ರೈತರ ಈ ಲೆಕ್ಕ ಸುಳ್ಳಲ್ಲ. ಆದರೆ ಗದ್ದೆಯ ಬದು ಹೋದಾಗ ಬದುವಿನ ಕನ್ನೆ ಕುಡಿ, ಒಂದೆಲಗ, ಹೊನಗೊನೆಯೂ ಹೋಗುತ್ತವೆ. ಕಳೆನಾಶಕ ಉಳಿದದ್ದನ್ನು ಮುಗಿಸುತ್ತದೆ. ಹೆಸರು ಬಲ್ಲ ಅಜ್ಜಿಯರು ಹೋದ ಮೇಲೆ ಕಣ್ಣೆದುರು ಇರುವ ಸೊಪ್ಪೂ ಕಳೆಯಾಗಿಯೇ ಕಾಣುತ್ತದೆ. ಬುಟ್ಟಿಯ ಚಿತ್ತಾರವನ್ನು ತರಬೇತಿ ಶಿಬಿರದಲ್ಲಿ ಕಲಿಸಬಹುದು, ಕಡುಬನ್ನು ಪುಸ್ತಕ ನೋಡಿ ಮಾಡಬಹುದು. ಸೊಪ್ಪಿನ ಗುರುತು ಹಾಗೆ ಬರುವುದಿಲ್ಲ. ಅದಕ್ಕೆ ಗೊತ್ತಿದ್ದವರ ಹಿಂದೆ ಬೇಣ, ಬದು ತಿರುಗಬೇಕು. ಹಬ್ಬ ಉಳಿಯಬೇಕೆನ್ನುವವರು ಮೊದಲು ಕೈಹಾಕಬೇಕಾದ ಕೆಲಸ ಇದೇ.

ತೋಟವಿದ್ದು ಗದ್ದೆ ಇಲ್ಲದವರು ತೋಟದ ಅಂಚಿನ ಒಂದು ಪಟ್ಟಿಯನ್ನು ಕಳೆನಾಶಕ ತಾಗದಂತೆ ಬಿಟ್ಟುಕೊಳ್ಳಬಹುದು. ಎರಡೇ ಮಳೆಗಾಲಕ್ಕೆ ಬೆರಕೆ ಸೊಪ್ಪು ತಾನಾಗಿ ಬರುತ್ತದೆ. ಬೆಂಗಳೂರು, ಹುಬ್ಬಳ್ಳಿಯ ಮಹಡಿ ಮನೆಯವರು ಜೂನ್‌ನಲ್ಲೇ ಕುಂಡಗಳಲ್ಲಿ ಹರಿವೆ, ಬಸಳೆ, ಒಂದೆಲಗ, ದೊಡ್ಡಪತ್ರೆ, ಚಕ್ರಮುನಿ ಹಾಕಿದರೆ ಹುಣ್ಣಿಮೆಗೆ ಐದು ಬಗೆ ಕೈಗೆ ಸಿಕ್ಕೀತು. ಒಂದು ಕುಂಡದಲ್ಲಿ ಹಿಡಿ ಭತ್ತ ಬಿತ್ತಿ ನೀರು ನಿಲ್ಲಿಸಿದರೆ ಅಕ್ಟೋಬರ್ ಹೊತ್ತಿಗೆ ಮಕ್ಕಳಿಗೆ ಹೊಡೆ ಎಂದರೇನೆಂದು ಮುಟ್ಟಿ ತೋರಿಸಲೂ ಆಗುತ್ತದೆ. ಬಲಿತ ಸೌತೆಕಾಯಿ, ಜೋನಿಬೆಲ್ಲ, ಹಲಸಿನ ಎಲೆ ಊರಿಂದ ಬರುವವರ ಕೈಲಿ ತರಿಸಿಕೊಳ್ಳಬಹುದು. ನಡುರಾತ್ರಿ ಎದ್ದು ಹತ್ತು ಬಗೆ ಮಾಡಲಾಗದವರು ಒಂದು ಕಡುಬು, ಒಂದು ಬೆರಕೆ ಪಲ್ಯ ಮಾಡಿದರೆ ಸಾಕು. ಆದರೆ ಮೊದಲ ಹಿಡಿಯನ್ನು ಮಣ್ಣಿಗೆ ಹಾಕದೆ ಊಟಕ್ಕೆ ಕೂರಬಾರದು.

ಹಬ್ಬ ನೋಡಲು ಕ್ಯಾಮೆರಾ ಹಿಡಿದು ಬರುವವರು ಹಿಂದಿನ ದಿನವೇ ಮನೆಯವರ ಒಪ್ಪಿಗೆ ಪಡೆದಿರಬೇಕು. ಪೈರಿನ ನಡುವೆ ಇಳಿಯದೆ ಬದುವಿನ ಮೇಲೇ ನಿಲ್ಲಬೇಕು, ಎಡೆಯಾಗುವ ಮೊದಲು ಬುಟ್ಟಿ ಮುಟ್ಟಬಾರದು. ಊಟಕ್ಕೆ ಕರೆದರೆ ಬೇಡವೆನ್ನಬಾರದು.

2026ರಲ್ಲಿ ಚೀನಾದವರ ಚಂದ್ರನ ಹಬ್ಬ ಸೆಪ್ಟೆಂಬರ್ 25ಕ್ಕೆ. ನಮಗೆ ಆ ವರ್ಷ ಅಧಿಕ ಜ್ಯೇಷ್ಠ ಬರುವುದರಿಂದ ಆಶ್ವಯುಜದ ಹುಣ್ಣಿಮೆ ಒಂದು ತಿಂಗಳು ಮುಂದೆ ಹೋಗುತ್ತದೆ. ತಿಥಿ ಅಕ್ಟೋಬರ್ 25ರ ಮಧ್ಯಾಹ್ನ ಹಿಡಿದು 26ರ ಬೆಳಗಿನವರೆಗೆ ಇದೆ. ಪೂಜೆಯ ದಿನವನ್ನು ಊರಿನ ಪಂಚಾಂಗ ನೋಡಿ ನಿಶ್ಚಯಿಸಿಕೊಳ್ಳಿ. ಅದಕ್ಕೂ ಮೊದಲು, ಈ ಮಳೆಗಾಲದಲ್ಲೇ, ಮನೆಯಲ್ಲಿ ಸೊಪ್ಪಿನ ಗುರುತಿರುವ ಹಿರಿಯರಿದ್ದರೆ ಅವರ ಜೊತೆ ಒಂದು ಸಂಜೆ ಹಿತ್ತಲು, ಬೇಣ ಸುತ್ತಿ, ಅವರು ತೋರಿಸುವ ಒಂದೊಂದು ಕುಡಿಯ ಹೆಸರನ್ನೂ ಅದು ಬೆಳೆಯುವ ಜಾಗವನ್ನೂ ಬರೆದಿಟ್ಟುಕೊಳ್ಳಿ.